ಒಂಬತ್ತು ವರ್ಷದ ಮಗನಿಗೆ ಹಾಬಿ ಗ್ರೇಡ್ ರಿಮೋಟ್ ಕಾರು: ವೇಗ ಕೇಳುವ ಮೊದಲು ಬಿಡಿಭಾಗ ಕೇಳಿ

ಪ್ರಶ್ನೆ: ನಾವು ಶಿವಮೊಗ್ಗದವರು. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಮೂರು. ಕಳೆದ ಎರಡು ವರ್ಷಗಳಲ್ಲಿ ಮಗನಿಗೆ ಎಂಟುನೂರರಿಂದ ಒಂದೂವರೆ ಸಾವಿರ ರೂಪಾಯಿಯವರೆಗಿನ ನಾಲ್ಕು ರಿಮೋಟ್ ಕಾರುಗಳನ್ನು ಕೊಡಿಸಿದ್ದೇವೆ. ಒಂದೂ ಎರಡು ತಿಂಗಳು ದಾಟಲಿಲ್ಲ. ಕೆಟ್ಟ ಮೇಲೆ ಅವನು ಅಡುಗೆಮನೆಯ ಚಾಕುವಿನಿಂದ ಸ್ಕ್ರೂ ಬಿಚ್ಚಿ ಒಳಗೇನಿದೆ ಎಂದು ನೋಡುತ್ತಾ ಕೂರುತ್ತಾನೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ, ‘ಆಟಿಕೆ ಬೇಡ ಅಕ್ಕ, ಹಾಬಿ ಗ್ರೇಡ್ ಕಾರು ಕೊಡಿಸು, ಗಂಟೆಗೆ 60 ಕಿಲೋಮೀಟರ್ ಓಡುತ್ತದೆ, ಲೋಹದ ಚಾಸಿ ಇದೆ, ಒಡೆಯುವುದೇ ಇಲ್ಲ’ ಎನ್ನುತ್ತಾನೆ. ನಮ್ಮ ಯಜಮಾನರಿಗೆ ಅದರ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಸಿಡಿಯುತ್ತದೆ ಎಂಬ ಭಯ. ಡಬ್ಬಿಯ ಮೇಲೆ ‘14 ವರ್ಷ ಮೇಲ್ಪಟ್ಟವರಿಗೆ’ ಎಂದು ಬೇರೆ ಬರೆದಿರುತ್ತದೆ. ಮನೆಯ ಮುಂದೆ ಕಿರಿದಾದ ರಸ್ತೆ, ಮೇಲೆ ತಾರಸಿ, ಹತ್ತು ನಿಮಿಷದ ದೂರದಲ್ಲಿ ಶಾಲೆಯ ಮೈದಾನ ಇವೆ. 12,000 ರೂಪಾಯಿ ತೆಗೆದಿಟ್ಟಿದ್ದೇವೆ. ಮಗ ಸ್ವಲ್ಪ ಒರಟು ಸ್ವಭಾವದವನು. ಇಷ್ಟು ದುಡ್ಡು ಹಾಕುವುದು ಸರಿಯೇ? ಯಾವುದನ್ನು ಕೊಳ್ಳಬೇಕು? ಕೆಟ್ಟ ಹಳೆಯ ಕಾರುಗಳನ್ನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಹನ್ನೆರಡು ಸಾವಿರವೂ ನೀರಿನಲ್ಲಿ ಹೋಮ ಮಾಡಿದಂತಾದೀತೇ ಎಂಬುದು ಮೊದಲನೆಯದು, ಬ್ಯಾಟರಿಯಿಂದಲೋ ವೇಗದಿಂದಲೋ ಮಕ್ಕಳಿಗೆ ಅಪಾಯವಾದೀತೇ ಎಂಬುದು ಎರಡನೆಯದು. ಮಗನ ಒರಟುತನವೇ ಇದಕ್ಕೆಲ್ಲ ಕಾರಣವಿರಬಹುದೇ ಎಂಬ ಮೂರನೆಯದನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಅದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹದಿನೈದು ವರ್ಷಗಳಿಂದ ಇಂಥ ಕಾರುಗಳನ್ನು ರಿಪೇರಿ ಮಾಡುತ್ತಾ, ಮಕ್ಕಳಿಗೆ ಓಡಿಸುವುದನ್ನು ಕಲಿಸುತ್ತಾ ಬಂದಿರುವ ನನ್ನ ಬಳಿಗೆ ಕೆಟ್ಟ ಕಾರಿನೊಂದಿಗೆ ಬರುವ ತಂದೆತಾಯಿಯರಲ್ಲಿ ಹೆಚ್ಚಿನವರು ಮಗುವಿನ ಎದುರಿಗೇ ಈ ದೂರನ್ನು ಹೇಳುತ್ತಾರೆ. ಕಾರನ್ನು ಬಿಚ್ಚಿ ನೋಡಿದಾಗ ತಪ್ಪು ಮಗುವಿನದಾಗಿರುವುದು ಅಪರೂಪ.

ಅಗ್ಗದ ಆಟಿಕೆ ಕಾರಿನಲ್ಲಿ ಸಾಮಾನ್ಯವಾಗಿ ಒಂದೇ ಒಂದು ಸರ್ಕ್ಯೂಟ್ ಬೋರ್ಡ್ ಇರುತ್ತದೆ. ರಿಮೋಟಿನ ಸಂಕೇತವನ್ನು ಹಿಡಿಯುವುದು, ಮೋಟಾರಿಗೆ ಕರೆಂಟ್ ಕೊಡುವುದು, ಚಕ್ರ ತಿರುಗಿಸುವುದು ಎಲ್ಲವೂ ಅದರದೇ ಕೆಲಸ. ಗುಂಡಿ ಒತ್ತಿದರೆ ಪೂರ್ತಿ ವೇಗ, ಬಿಟ್ಟರೆ ನಿಲುಗಡೆ. ಚಕ್ರ ತಿರುಗಿದರೆ ಪೂರ್ತಿ ಎಡಕ್ಕೆ ಅಥವಾ ಪೂರ್ತಿ ಬಲಕ್ಕೆ. ನಡುವಿನ ಸ್ಥಿತಿ ಎಂಬುದೇ ಆ ಕಾರಿನಲ್ಲಿ ಇಲ್ಲ. ನಿಧಾನವಾಗಿ ಹೋಗು ಎಂದು ನಾವು ಮಗುವಿಗೆ ಎಷ್ಟೇ ಹೇಳಿದರೂ ನಿಧಾನವಾಗಿ ಹೋಗುವ ಸೌಲಭ್ಯವನ್ನೇ ಕೊಡದ ಯಂತ್ರವನ್ನು ಅದರ ಕೈಗೆ ಕೊಟ್ಟಿರುತ್ತೇವೆ. ಮುಂದಿನ ಚಕ್ರ ಗೋಡೆಗೆ ಬಡಿದಾಗ ಆ ಪೆಟ್ಟನ್ನು ನುಂಗಲು ನಡುವೆ ಏನೂ ಇಲ್ಲದೆ ಅದು ನೇರವಾಗಿ ಪ್ಲಾಸ್ಟಿಕ್ ಗೇರಿನ ಹಲ್ಲಿಗೆ ತಲುಪುತ್ತದೆ. ಕಾರು ಮಂಚದ ಕಾಲಿಗೆ ಸಿಕ್ಕಿಕೊಂಡಿರುವಾಗ ಮಗು ಗುಂಡಿ ಒತ್ತಿಯೇ ಇದ್ದರೆ, ತಿರುಗಲಾಗದ ಮೋಟಾರು ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆದು ಬೋರ್ಡಿನ ಮೇಲಿನ ಸಣ್ಣ ಟ್ರಾನ್ಸಿಸ್ಟರನ್ನು ಸುಟ್ಟುಹಾಕುತ್ತದೆ. ಅಲ್ಲಿಗೆ ಕಾರಿನ ಆಯುಷ್ಯ ಮುಗಿಯಿತು, ಏಕೆಂದರೆ ಆ ಗೇರನ್ನಾಗಲಿ ಆ ಬೋರ್ಡನ್ನಾಗಲಿ ಯಾರೂ ಬಿಡಿಯಾಗಿ ಮಾರುವುದಿಲ್ಲ. ಆದ್ದರಿಂದ ಮಗ ಒರಟನೆಂಬ ತೀರ್ಮಾನವನ್ನು ದಯವಿಟ್ಟು ಸದ್ಯಕ್ಕೆ ಬದಿಗಿಡಿ. ಕೆಟ್ಟ ಕಾರನ್ನು ಮೂಲೆಗೆಸೆಯದೆ ಚಾಕುವಿನಿಂದಾದರೂ ಬಿಚ್ಚಿ ಒಳಗೆ ನೋಡುವ ಹುಡುಗನ ಬಗ್ಗೆ ನನಗೆ ತೋರುವುದೇ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಾಬಿ ಗ್ರೇಡ್ ಕಾರು ಒಡೆಯುವುದೇ ಇಲ್ಲ ಎಂದು ನಿಮ್ಮ ತಮ್ಮ ಹೇಳಿರುವುದು ನಿಜವಲ್ಲ. ಅದೂ ಒಡೆಯುತ್ತದೆ, ಚೆನ್ನಾಗಿಯೇ ಒಡೆಯುತ್ತದೆ. ಆದರೆ ಒಡೆದ ಒಂದು ಭಾಗವನ್ನು ಬಿಚ್ಚಿ ಹೊಸದನ್ನು ಹಾಕಲಾಗುವಂತೆ ಅದನ್ನು ಮೊದಲಿನಿಂದಲೇ ಕಟ್ಟಿರುತ್ತಾರೆ. ರಿಸೀವರ್, ಮೋಟಾರಿನ ವೇಗವನ್ನು ನಿಯಂತ್ರಿಸುವ ಇಎಸ್‌ಸಿ, ಚಕ್ರ ತಿರುಗಿಸುವ ಸರ್ವೋ, ಮೋಟಾರು, ಬ್ಯಾಟರಿ ಇವೆಲ್ಲ ಬೇರೆಬೇರೆಯಾಗಿ ಬಿಚ್ಚಲು ಬರುತ್ತವೆ. ಅಗ್ಗದ ಮಾದರಿಗಳಲ್ಲಿ ರಿಸೀವರ್ ಮತ್ತು ಇಎಸ್‌ಸಿ ಒಂದೇ ಡಬ್ಬಿಯಲ್ಲಿರುವುದುಂಟು, ಆದರೂ ಆ ಡಬ್ಬಿ ಬಿಡಿಯಾಗಿ ಸಿಗುತ್ತದೆ. ಟ್ರಿಗರನ್ನು ಎಷ್ಟು ಎಳೆಯುತ್ತೀರೋ ಅಷ್ಟೇ ವೇಗ, ಸ್ಟೀರಿಂಗನ್ನು ಎಷ್ಟು ತಿರುಗಿಸುತ್ತೀರೋ ಅಷ್ಟೇ ತಿರುವು. ಚಕ್ರಕ್ಕೂ ಸರ್ವೋಗೂ ನಡುವೆ ಸರ್ವೋ ಸೇವರ್ ಎಂಬ ಸ್ಪ್ರಿಂಗ್ ಜೋಡಣೆಯೊಂದಿದ್ದು, ಗೋಡೆಗೆ ಬಡಿದ ಪೆಟ್ಟನ್ನು ತಾನು ನುಂಗಿ ಗೇರನ್ನು ಕಾಯುತ್ತದೆ. ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆ ಇರುತ್ತದೆ. ಒಳ್ಳೆಯ ತಯಾರಕರು ಕೈಪಿಡಿಯಲ್ಲಿ ಕಾರಿನ ಪ್ರತಿಯೊಂದು ತುಂಡನ್ನೂ ಬಿಡಿಸಿ ಚಿತ್ರಿಸಿ, ಅದರ ಪಕ್ಕದಲ್ಲಿ ಬಿಡಿಭಾಗದ ಸಂಖ್ಯೆಯನ್ನು ಮುದ್ರಿಸಿರುತ್ತಾರೆ. ಜಪಾನಿನ ಶಿಜುವೊಕಾ ನಗರದ ತಮಿಯಾ ಸಂಸ್ಥೆ 1976ರಲ್ಲಿ ಪೋರ್ಷೆ 934 ಕಾರಿನ ಮಾದರಿಯನ್ನು ರೇಡಿಯೋ ನಿಯಂತ್ರಣದ ಕಿಟ್ಟಾಗಿ ಮಾರಲು ಆರಂಭಿಸಿತು. ಈ ಹವ್ಯಾಸವನ್ನು ಮನೆಮನೆಗೆ ತಂದ ಕಾರುಗಳಲ್ಲಿ ಅದೂ ಒಂದು. ಕೊಂಡವನೇ ಕಟ್ಟಬೇಕು, ಕಟ್ಟಿದವನೇ ರಿಪೇರಿ ಮಾಡಬೇಕು ಎಂಬ ಕ್ರಮ ಆ ಕಾಲದಿಂದಲೂ ಇದರ ಜೊತೆಗಿದೆ.

ಹೀಗಿರುವುದರಿಂದ ‘ಹಾಬಿ ಗ್ರೇಡ್’ ಎಂಬ ಮಾತಿಗೆ ನಾನು ಒಪ್ಪುವ ಪರೀಕ್ಷೆ ಒಂದೇ: ಬಿಡಿಭಾಗ ಸಿಗುತ್ತದೆಯೇ? ಆನ್‌ಲೈನ್ ಮಾರಾಟಗಾರರು ಈಗ ಯಾವ ಆಟಿಕೆಯ ಮೇಲೆ ಬೇಕಾದರೂ ಆ ಎರಡು ಪದಗಳನ್ನು ಅಂಟಿಸುತ್ತಾರೆ. ನೀವು ಅಂಗಡಿಯವರಿಗೆ ಫೋನ್ ಮಾಡಿದಾಗ ವೇಗ ಎಷ್ಟೆಂದು ಕೇಳುವ ಮೊದಲು, ಈ ಕಾರಿನ ಮುಂದಿನ ಸಸ್ಪೆನ್ಷನ್ ಆರ್ಮ್ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು), ಸ್ಟೀರಿಂಗ್ ಸರ್ವೋ, ಡ್ರೈವ್ ಶಾಫ್ಟ್ (ಚಕ್ರವನ್ನು ತಿರುಗಿಸುವ ದಂಡ) ಮತ್ತು ದೊಡ್ಡ ಗೇರು ಇವತ್ತು ನಿಮ್ಮ ಕಪಾಟಿನಲ್ಲಿವೆಯೇ, ಬೆಲೆ ಎಷ್ಟು ಎಂದು ಕೇಳಿ. ಮೊದಲ ಆರು ತಿಂಗಳಲ್ಲಿ ಮಕ್ಕಳ ಕೈಯಲ್ಲಿ ಕೈಕೊಡುವುದು ಹೆಚ್ಚಾಗಿ ಈ ನಾಲ್ಕೇ. ‘ತರಿಸಿಕೊಡುತ್ತೇವೆ’ ಎಂಬ ಉತ್ತರ ಬಂದರೆ, ಎಷ್ಟು ದಿನದಲ್ಲಿ ಎಂದು ಬಿಡದೆ ಕೇಳಿ. ನಾನೇ ಒಮ್ಮೆ ಬಹಳ ಮೆಚ್ಚಿ ಒಂದು ಕಾರನ್ನು ಕೊಂಡು, ನೂರಿನ್ನೂರು ರೂಪಾಯಿಯ ಹಿಂಚಕ್ರದ ಹಬ್ ಸಿಗದೆ ಎಂಟು ತಿಂಗಳು ಅದನ್ನು ಅಟ್ಟದ ಮೇಲಿಟ್ಟಿದ್ದೆ. ದೊಡ್ಡವರಾದ ನಾವು ಹಾಗೆ ಕಾಯಬಹುದು, ಒಂಬತ್ತು ವರ್ಷದ ಮಗು ಕಾಯುವುದಿಲ್ಲ. ಅಷ್ಟರಲ್ಲಿ ಅದರ ಮನಸ್ಸು ಬೇರೆಡೆಗೆ ಹೋಗಿರುತ್ತದೆ. ವಿದೇಶದಿಂದ ನೇರವಾಗಿ ತರಿಸುವ ಆಲೋಚನೆಯನ್ನೂ ನಾನು ಪ್ರೋತ್ಸಾಹಿಸುವುದಿಲ್ಲ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಪಾರ್ಸೆಲ್ ಕಳಿಸುವುದಕ್ಕೂ ಹಲವು ನಿರ್ಬಂಧಗಳಿವೆ. ನಿಮ್ಮ ತಮ್ಮ ಬೆಂಗಳೂರಿನಲ್ಲಿರುವುದು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ; ಅಳತೆ ಗೊತ್ತಿದ್ದರೆ ಬೇರಿಂಗ್, ಸ್ಕ್ರೂ, ಬ್ಯಾಟರಿ ಕನೆಕ್ಟರ್‌ನಂಥವನ್ನು ಎಸ್‌.ಪಿ. ರಸ್ತೆಯ ಆಸುಪಾಸಿನಲ್ಲಿ ಹುಡುಕಿ ತರಬಹುದು.

ಇನ್ನು 60 ಕಿಲೋಮೀಟರಿನ ವಿಚಾರ. ನಿಮ್ಮ ತಮ್ಮನ ವರ್ಣನೆ ಕೇಳಿದರೆ ಅವರ ಮನಸ್ಸಿನಲ್ಲಿರುವುದು ಡಬ್ಲ್ಯುಎಲ್ ಟಾಯ್ಸ್ 144001 ಎಂಬ ಮಾದರಿಯೋ ಅದರ ಬಳಗದ್ದೋ ಇರಬೇಕು. ಲೋಹದ ಚಾಸಿ, 1/14 ಅಳತೆ (ಅಂದರೆ ನಿಜವಾದ ಕಾರಿನ ಉದ್ದದ ಹದಿನಾಲ್ಕರಲ್ಲಿ ಒಂದು ಪಾಲು), 7.4 ವೋಲ್ಟಿನ ಬ್ಯಾಟರಿ. ತಯಾರಕರು ಹೇಳಿಕೊಳ್ಳುವ ವೇಗ ಗಂಟೆಗೆ 60 ಕಿಲೋಮೀಟರ್. ಕೊಟ್ಟ ದುಡ್ಡಿಗೆ ಅದು ಒಳ್ಳೆಯ ಕಾರೇ, ದೊಡ್ಡ ಹುಡುಗರಿಗೆ ನಾನೂ ಅದನ್ನು ಸೂಚಿಸಿದ್ದೇನೆ. ಆದರೆ ಒಂದು ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಏನೋ ಅಡ್ಡ ಬಂದದ್ದನ್ನು ಕಂಡು, ಅರ್ಥಮಾಡಿಕೊಂಡು, ಬೆರಳು ಸಡಿಲಿಸಲು ಮಗುವಿಗೆ ಒಂದು ಸೆಕೆಂಡ್ ಹಿಡಿದರೂ ಅಷ್ಟರಲ್ಲಿ ಕಾರು ನಿಮ್ಮ ಮನೆಯ ಮುಂದಿನ ರಸ್ತೆಯ ಅಗಲವನ್ನು ಎರಡು ಸಲ ದಾಟಿರುತ್ತದೆ. ಪೆಟ್ಟಿನ ಬಲವಾದರೂ ವೇಗ ಏರಿದಷ್ಟೇ ಏರುವುದಿಲ್ಲ, ವೇಗದ ವರ್ಗದಂತೆ ಏರುತ್ತದೆ: 20 ಕಿಲೋಮೀಟರಿನಲ್ಲಿ ಬಡಿಯುವುದಕ್ಕಿಂತ 60ರಲ್ಲಿ ಬಡಿಯುವಾಗ ಅದೇ ಕಾರಿನ ಶಕ್ತಿ ಒಂಬತ್ತು ಪಟ್ಟು. ಸುಮಾರು ಒಂದು ಕಿಲೋ ತೂಕದ ಆ ಕಾರು ಮೂರು ವರ್ಷದ ಮಗುವಿನ ಮೊಣಕಾಲಿಗೆ ತಗುಲಿದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಲೋಹದ ಚಾಸಿಯೂ ಎಲ್ಲರೂ ತಿಳಿದಂಥ ವರವಲ್ಲ. ಪ್ಲಾಸ್ಟಿಕ್ ಬಾಗಿ ಮತ್ತೆ ನೆಟ್ಟಗಾಗುತ್ತದೆ. ತೆಳ್ಳನೆಯ ಲೋಹದ ತಟ್ಟೆ ಒಮ್ಮೆ ಬಾಗಿದರೆ ಹಾಗೆಯೇ ಉಳಿದು, ಕಾರು ನೆಟ್ಟಗೆ ಓಡದಂತಾಗುತ್ತದೆ.

ವೇಗದ ಕಾರನ್ನು ನಿಧಾನ ಮಾಡಿಕೊಡಲು ಬರುವುದಿಲ್ಲವೇ ಎಂದರೆ, ಬರುತ್ತದೆ, ಆದರೆ ಎಲ್ಲ ಕಾರುಗಳಲ್ಲೂ ಅಲ್ಲ. ಕೆಲವು ರಿಮೋಟುಗಳಲ್ಲಿ ಗರಿಷ್ಠ ವೇಗವನ್ನು ತಗ್ಗಿಸುವ ತಿರುಗುಗುಂಡಿಯೋ ಸ್ವಿಚ್ಚೋ ಇರುತ್ತದೆ. ಟ್ರ್ಯಾಕ್ಸಸ್ ಸಂಸ್ಥೆಯ ಎಕ್ಸ್‌ಎಲ್-5 ಇಎಸ್‌ಸಿಯಲ್ಲಿ ಟ್ರೇನಿಂಗ್ ಮೋಡ್ ಇದ್ದು, ಅದನ್ನು ಹಾಕಿದರೆ ಮೋಟಾರಿಗೆ ಅರ್ಧ ಶಕ್ತಿ ಮಾತ್ರ ಸಿಗುತ್ತದೆ. ಕಾರಿನೊಳಗೇ ಇರುವ ಇಂಥ ಮಿತಿ ನನಗೆ ಹೆಚ್ಚು ಇಷ್ಟ, ಏಕೆಂದರೆ ರಿಮೋಟಿನ ಗುಂಡಿಯನ್ನು ಮಕ್ಕಳು ಎರಡನೇ ದಿನವೇ ಪತ್ತೆಹಚ್ಚಿ ತಿರುಗಿಸುತ್ತಾರೆ.

ಡಬ್ಬಿಯ ಮೇಲಿನ ‘14 ವರ್ಷ’ದ ಅರ್ಥವನ್ನೂ ಇಲ್ಲಿಯೇ ಹೇಳುತ್ತೇನೆ. ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಕಡ್ಡಾಯವಾಗಿದೆ. 14 ಮೇಲ್ಪಟ್ಟವರಿಗೆ ಎಂದು ಮಾರುವ ಹಾಬಿ ಕಾರನ್ನು ಮಕ್ಕಳ ಆಟಿಕೆಯೆಂದು ಪರಿಗಣಿಸಿ ತಯಾರಿಸಿರುವುದಿಲ್ಲ. ತೆರೆದ ಗೇರು, ಚೂಪು ಅಂಚು, ನುಂಗಬಹುದಾದಷ್ಟು ಸಣ್ಣ ಕ್ಲಿಪ್ಪು, ಎಚ್ಚರದಿಂದ ಚಾರ್ಜ್ ಮಾಡಬೇಕಾದ ಬ್ಯಾಟರಿ ಎಲ್ಲವೂ ಅದರಲ್ಲಿರಬಹುದು. ಒಂಬತ್ತು ವರ್ಷದವನು ಅದನ್ನು ಮುಟ್ಟಲೇಬಾರದು ಎಂದು ಇದರ ಅರ್ಥವಲ್ಲ. ಅವನು ಓಡಿಸುವಷ್ಟೂ ಹೊತ್ತು ದೊಡ್ಡವರೊಬ್ಬರು ಜೊತೆಗಿರಬೇಕು, ಬ್ಯಾಟರಿಯ ಕೆಲಸ ಪೂರ್ತಿಯಾಗಿ ದೊಡ್ಡವರದೇ ಆಗಿರಬೇಕು. ವಾರಕ್ಕೆ ಎರಡು ಸಲ, ಅರ್ಧ ಗಂಟೆಯಂತೆ ಯಾರಾದರೂ ಜೊತೆಗೆ ಹೋಗಲು ನಿಮ್ಮ ಮನೆಯಲ್ಲಿ ಸಾಧ್ಯವಿಲ್ಲ ಎಂದಾದರೆ, ಈ ವರ್ಷ ಕೊಳ್ಳಬೇಡಿ ಎಂದೇ ನೇರವಾಗಿ ಹೇಳುತ್ತೇನೆ.

ಬ್ಯಾಟರಿಯ ಬಗ್ಗೆ ನಿಮ್ಮ ಯಜಮಾನರ ಭಯದಲ್ಲಿ ಹುರುಳಿದೆ, ಆದರೆ ‘ಸಿಡಿಯುತ್ತದೆ’ ಎಂಬ ಒಂದೇ ಮಾತಿನಿಂದ ಯಾವಾಗ, ಏಕೆ ಎಂಬುದು ತಿಳಿಯುವುದಿಲ್ಲ. ಈ ಕಾರುಗಳಲ್ಲಿ ಮೂರು ಬಗೆಯ ಬ್ಯಾಟರಿ ಬರುತ್ತವೆ. ನಿಕಲ್ ಮೆಟಲ್ ಹೈಡ್ರೈಡ್, ಅಂದರೆ ನಿಮ್ಹ್, 1.2 ವೋಲ್ಟಿನ ಆರು ಸೆಲ್ಲುಗಳನ್ನು ಜೋಡಿಸಿ 7.2 ವೋಲ್ಟ್ ಮಾಡಿರುವಂಥದ್ದು. ತೂಕ ಹೆಚ್ಚು, ಶಕ್ತಿ ಕಡಿಮೆ, ಒರಟು ಬಳಕೆಯನ್ನು ಉಳಿದೆರಡಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಎರಡನೆಯದು ಲಿಥಿಯಂ ಅಯಾನ್, ಉಕ್ಕಿನ ಕವಚವಿರುವ ದುಂಡು ಸೆಲ್ಲುಗಳ ಜೋಡಿ. ಮೂರನೆಯದು ಲೈಪೊ. ಇದರಲ್ಲಿಯೂ ಲಿಥಿಯಂ ಅಯಾನಿನದೇ ರಸಾಯನಶಾಸ್ತ್ರ, ಆದರೆ ಸೆಲ್ಲು ಮೆತ್ತನೆಯ ಹಾಳೆಯ ಚೀಲದೊಳಗಿರುವುದರಿಂದ ಮೊಳೆ ಚುಚ್ಚಿದರೂ, ಕಾರು ಬಿದ್ದು ಜಜ್ಜಿದರೂ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಬೆಂಕಿ ಹೊತ್ತಿಕೊಳ್ಳಬಹುದು.

ಸುಮ್ಮನೆ ಕಪಾಟಿನಲ್ಲಿರುವ ಆರೋಗ್ಯವಂತ ಲೈಪೊ ತಾನಾಗಿ ಹೊತ್ತಿಕೊಳ್ಳುವುದು ತೀರ ಅಪರೂಪ. ಅಪಾಯ ಬರುವ ದಾರಿಗಳು ಗೊತ್ತಿರುವಂಥವೇ. ಒಂದು ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.7, ಪೂರ್ತಿ ತುಂಬಿದಾಗ 4.2, ಅದಕ್ಕಿಂತ ಮೇಲೆ ತುಂಬಿದರೆ ಬಿಸಿಯಾಗಿ ಉಬ್ಬುತ್ತದೆ. 3 ವೋಲ್ಟಿಗಿಂತ ಕೆಳಗೆ ಬರಿದು ಮಾಡಿದರೆ ಒಳಗೆ ಹಾಳಾಗುತ್ತದೆ, ಹಾಗೆ ಹಾಳಾದದ್ದನ್ನು ಮತ್ತೆ ಚಾರ್ಜಿಗೆ ಹಾಕಿದಾಗ ಅಪಾಯವಿದೆ. ನನ್ನ ಮೇಜಿಗೆ ಬರುವ ಉಬ್ಬಿದ ಬ್ಯಾಟರಿಗಳಲ್ಲಿ ಬಹುಪಾಲು ಹೀಗೆ ಬರಿದಾಗಿ ಕೆಟ್ಟವು. ಕಾರು ನಿಂತ ಮೇಲೂ ಸ್ವಿಚ್ ಆರಿಸಲು ಮರೆತಿರುತ್ತಾರೆ, ಅಥವಾ ಇಎಸ್‌ಸಿಯನ್ನು ನಿಮ್ಹ್ ಸ್ಥಿತಿಯಲ್ಲಿಟ್ಟು ಲೈಪೊ ಜೋಡಿಸಿರುತ್ತಾರೆ. ಇಎಸ್‌ಸಿಗೆ ‘ಇದು ಲೈಪೊ’ ಎಂದು ತಿಳಿಸಿದ್ದರೆ ಮಾತ್ರ ವೋಲ್ಟೇಜ್ ಇಳಿದಾಗ ಅದು ತಾನಾಗಿ ಮೋಟಾರನ್ನು ನಿಲ್ಲಿಸುತ್ತದೆ. ಕೈಪಿಡಿಯಲ್ಲಿ ನೀವು ಓದಲೇಬೇಕಾದ ಒಂದು ಪುಟವಿದ್ದರೆ ಅದು ಇದೇ.

ಮನೆಯಲ್ಲಿ ಪಾಲಿಸಬೇಕಾದದ್ದು ಇಷ್ಟು. ಕಾರಿನಿಂದ ಬ್ಯಾಟರಿಯನ್ನು ಹೊರತೆಗೆದು, ಬರಿಯ ನೆಲದ ಮೇಲೆ, ಹಾಸಿಗೆ, ಸೋಫಾ, ಪರದೆಗಳಿಂದ ದೂರದಲ್ಲಿ, ಎಲ್ಲರೂ ಎಚ್ಚರವಿರುವ ಹೊತ್ತಿನಲ್ಲಿ, ಆ ಬ್ಯಾಟರಿಗೆಂದೇ ಇರುವ ಚಾರ್ಜರಿನಿಂದ ಮಾತ್ರ ಚಾರ್ಜ್ ಮಾಡಿ. ರಾತ್ರಿ ಮಲಗುವಾಗ ಹಾಕಿ ಬೆಳಿಗ್ಗೆ ತೆಗೆಯುವ ಮೊಬೈಲಿನ ಅಭ್ಯಾಸ ಇಲ್ಲಿ ಬೇಡವೇ ಬೇಡ. ಬೇರೆ ಚಾರ್ಜರ್ ಕೊಂಡರೆ ಎರಡೂ ಸೆಲ್ಲುಗಳನ್ನು ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರನ್ನೇ ಕೊಳ್ಳಿ. ಬ್ಯಾಟರಿ 1500 ಎಂಎಎಚ್ ಆಗಿದ್ದರೆ ಕರೆಂಟನ್ನು 1.5 ಆಂಪಿಯರ್ ಮೀರಿಸಬೇಡಿ. ಓಡಿಸಿ ತಂದ ಬಿಸಿ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕದೆ ಅರ್ಧ ಗಂಟೆ ಆರಲು ಬಿಡಿ. ಹಿಂದಿನ ವಾರಕ್ಕಿಂತ ದಪ್ಪವಾಗಿ ಕಂಡ, ದಿಂಬಿನಂತೆ ಉಬ್ಬಿದ ಬ್ಯಾಟರಿಯನ್ನು ‘ಇನ್ನೊಂದು ಸಲ ನೋಡೋಣ’ ಎಂದು ಹಾಕಬೇಡಿ. ಆ ಒಂದು ಸಲಕ್ಕೆ ಮನೆಯ ಬೆಲೆ ತೆರಬೇಕಾದೀತು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸದೆ ಇಡುವುದಾದರೆ ಪೂರ್ತಿ ತುಂಬಿಯೂ ಅಲ್ಲ, ಬರಿದಾಗಿಯೂ ಅಲ್ಲ, ಸೆಲ್ಲಿಗೆ 3.8 ವೋಲ್ಟಿನ ಆಸುಪಾಸಿನಲ್ಲಿಡಿ. ಇಷ್ಟು ಶಿಸ್ತು ನಿಮ್ಮ ಮನೆಯಲ್ಲಿ ಸಾಧ್ಯವೇ ಎಂಬುದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಿ. ಅನುಮಾನವಿದ್ದರೆ ನಿಮ್ಹ್‌ನಿಂದಲೋ ಗಟ್ಟಿ ಕವಚದ ಲಿಥಿಯಂ ಅಯಾನಿನಿಂದಲೋ ಆರಂಭಿಸಿ. ಲಿಥಿಯಂ ಅಯಾನಿಗೂ ಮೇಲಿನ ಎಚ್ಚರಿಕೆಗಳೆಲ್ಲ ಅನ್ವಯಿಸುತ್ತವೆ, ಪೆಟ್ಟು ತಡೆಯುವ ಶಕ್ತಿ ಮಾತ್ರ ಅದಕ್ಕೆ ಹೆಚ್ಚು. ಮಗುವಿನ ಮೊದಲ ಕಾರಿಗೆ ನಿಮ್ಹ್ ಹಳೆಯ ಕಾಲದ್ದೆಂದು ಅಂಗಡಿಯವರು ಹೇಳಿದರೆ ನೀವು ಸಂಕೋಚಪಡಬೇಕಾಗಿಲ್ಲ.

ಓಡಿಸುವ ಜಾಗದ ವಿಚಾರದಲ್ಲಿ ನೀವು ರಸ್ತೆ, ತಾರಸಿ, ಮೈದಾನ ಎಂದು ಮೂರನ್ನು ಹೇಳಿದ್ದೀರಿ. ನನ್ನ ಪ್ರಕಾರ ನಿಮಗಿರುವುದು ಒಂದೇ, ಮೈದಾನ. ರಸ್ತೆ ಬೇಡ ಎನ್ನುವುದಕ್ಕೆ ಬೈಕುಗಳೇ ಸಾಕಷ್ಟು ಕಾರಣ: ಕಾರು ಚಕ್ರದಡಿ ಹೋದರೆ ದುಡ್ಡು ಹೋಯಿತೆನ್ನಬಹುದು, ಅದನ್ನು ಉಳಿಸಲು ಮಗು ನುಗ್ಗುತ್ತದೆ ಎಂಬುದೇ ನಿಜವಾದ ಭಯ. ತಾರಸಿ ಇನ್ನೂ ಅಪಾಯಕಾರಿ, ಇದನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ. ರಿಮೋಟ್ ಹಿಡಿದ ಮಗುವಿನ ಕಣ್ಣು ಪೂರ್ತಿಯಾಗಿ ಕಾರಿನ ಮೇಲಿರುತ್ತದೆ, ತನ್ನ ಕಾಲು ಎಲ್ಲಿದೆ ಎಂಬ ಎಚ್ಚರ ಇರುವುದಿಲ್ಲ. ಕಾರನ್ನು ನೋಡುತ್ತಾ ಹಿಂದೆ ಹಿಂದೆ ಹೆಜ್ಜೆಯಿಡುವ ಮಕ್ಕಳನ್ನು ನಾನು ಪ್ರತಿ ವಾರ ನೋಡುತ್ತೇನೆ. ಮೊಣಕಾಲೆತ್ತರದ ಕಟ್ಟೆಯಿರುವ ತಾರಸಿಯಲ್ಲಿ ಅದು ಆಗಬಾರದು. ಮೈದಾನದಲ್ಲೂ ನಿಲ್ಲುವ ಜಾಗದ ಗುರುತಿಗೆ ಒಂದು ಕಡೆ ಚಪ್ಪಲಿ ಬಿಡಿಸಿ, ‘ಓಡಿಸುವಾಗ ಈ ಜಾಗ ಬಿಟ್ಟು ಕದಲಬಾರದು’ ಎಂಬ ನಿಯಮವನ್ನು ಮೊದಲ ದಿನವೇ ಮಾಡಿ.

ನೀರಿನ ಬಗ್ಗೆಯೂ ಒಂದು ಮಾತು, ನೀವು ಮಲೆನಾಡಿನ ಹೆಬ್ಬಾಗಿಲಿನಲ್ಲಿರುವವರು. ಡಬ್ಬಿಯ ಮೇಲೆ ‘ವಾಟರ್‌ಪ್ರೂಫ್’ ಎಂದಿದ್ದರೆ, ಒಳಗಿನ ವಿದ್ಯುತ್ ಭಾಗಗಳು ನೀರು ಸಿಡಿದರೆ ತಡೆದುಕೊಳ್ಳುತ್ತವೆ ಎಂದು ಮಾತ್ರ ತಿಳಿಯಿರಿ. ಬೇರಿಂಗು, ಸ್ಕ್ರೂ, ಶಾಫ್ಟುಗಳಿಗೆ ಆ ಭರವಸೆ ಇಲ್ಲ. ಜೂನ್ ತಿಂಗಳ ಕೆಸರಿನಲ್ಲಿ ಒಂದು ಸಂಜೆ ಓಡಿಸಿ ಹಾಗೆಯೇ ಇಟ್ಟರೆ ಮುಂದಿನ ವಾರ ಬೇರಿಂಗು ಕಿರುಗುಟ್ಟುತ್ತದೆ. ಒದ್ದೆಯಾದರೆ ಒರೆಸಿ, ಫ್ಯಾನಿನ ಕೆಳಗಿಟ್ಟು ಒಣಗಿಸಿ, ಬೇರಿಂಗಿಗೆ ತೊಟ್ಟು ಹೊಲಿಗೆಯಂತ್ರದ ಎಣ್ಣೆ ಬಿಡಿ.

ನಿಮ್ಮ ಮುಂದೆ ನನಗೆ ಕಾಣುವ ದಾರಿಗಳನ್ನು ಈಗ ಹೇಳುತ್ತೇನೆ. ಅಂಗೈಯಗಲದ, 1/24 ಅಳತೆಯ ಕ್ರಾಲರ್ ಒಂದು. ಅಮೆರಿಕದ ಆಕ್ಸಿಯಲ್ ಸಂಸ್ಥೆಯ ಎಸ್‌ಸಿಎಕ್ಸ್24 ಈ ಬಗೆಯದು. ಅದು ನಡಿಗೆಯ ವೇಗದಲ್ಲಿ ಕಲ್ಲು, ದಿಂಬು, ಪುಸ್ತಕದ ರಾಶಿಗಳನ್ನು ಹತ್ತುತ್ತದೆ, ಮಳೆಗಾಲದಲ್ಲಿ ಮನೆಯೊಳಗೇ ಆಡಬಹುದು, ಯಾರಿಗೂ ಪೆಟ್ಟಾಗುವುದಿಲ್ಲ. ಇಲ್ಲಿನ ಅಪಾಯ ಬೇರೆ ತರಹದ್ದು: ವೇಗ ಬಯಸುವ ಮಗುವಿಗೆ ಹದಿನೈದು ದಿನದಲ್ಲಿ ಬೇಸರ ಬರಬಹುದು. ಇನ್ನೊಂದು ಕೊನೆಯಲ್ಲಿ 1/10 ಅಳತೆಯ, ಹಿಂಚಕ್ರ ಚಾಲನೆಯ ಟ್ರಕ್ಕುಗಳಿವೆ. ಟ್ರ್ಯಾಕ್ಸಸ್ ರಸ್ಲರ್, ಸ್ಲ್ಯಾಶ್ ಇಂಥವು. ಗಟ್ಟಿಮುಟ್ಟು, ಬಿಡಿಭಾಗಗಳ ವ್ಯವಸ್ಥೆ ಬಹಳ ಅಚ್ಚುಕಟ್ಟು, ಮೈದಾನಕ್ಕೆ ಹೇಳಿ ಮಾಡಿಸಿದಂಥವು. ಆದರೆ ಹೊಸದು ನಿಮ್ಮ ಹನ್ನೆರಡು ಸಾವಿರದೊಳಗೆ ಬರುವುದಿಲ್ಲ, ತೂಕವೂ ಎರಡು ಕಿಲೋ ಮುಟ್ಟುವುದರಿಂದ ತಗುಲಿದರೆ ಪೆಟ್ಟು ಜೋರು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಕೊಳ್ಳಬಹುದು, ಬ್ಯಾಟರಿಯನ್ನು ಮಾತ್ರ ಹಳೆಯದು ಕೊಳ್ಳಬೇಡಿ.

ಕಟ್ಟುವ ಕಿಟ್ಟುಗಳದು ಮೂರನೆಯ ದಾರಿ. ತಮಿಯಾದ ಗ್ರಾಸ್‌ಹಾಪರ್ 1984ರಲ್ಲಿ ಬಂದದ್ದು, 2005ರಲ್ಲಿ ಮತ್ತೆ ಮಾರುಕಟ್ಟೆಗೆ ತಂದರು. ಸರಳ, ನಿಧಾನ, ತಂದೆ ಮಗ ಕೂತು ಎರಡು ಭಾನುವಾರಗಳಲ್ಲಿ ಕಟ್ಟಬಹುದು. ನಿಮ್ಮ ಮಗನ ಸ್ವಭಾವಕ್ಕೆ ನನಗೆ ಬಹಳ ಆಸೆ ಹುಟ್ಟಿಸುವ ದಾರಿ ಇದು. ಆದರೂ ರಿಮೋಟ್, ಸರ್ವೋ, ಬ್ಯಾಟರಿ, ಚಾರ್ಜರುಗಳನ್ನು ಕಿಟ್ಟಿನ ಹೊರತಾಗಿ ಕೊಳ್ಳಬೇಕಾಗುವುದರಿಂದ ಖರ್ಚು ಕೈ ಮೀರುತ್ತದೆ. ಇನ್ನೆರಡು ವರ್ಷ ಕಳೆದ ಮೇಲೆ ಇದನ್ನು ನೆನಪಿಸಿಕೊಳ್ಳಿ.

ಸದ್ಯಕ್ಕೆ ನಾನು ಆರಿಸುವುದು 1/16 ಅಥವಾ 1/18 ಅಳತೆಯ, ನಾಲ್ಕು ಚಕ್ರಗಳೂ ಎಳೆಯುವ, ಬ್ರಶ್ ಮೋಟಾರಿನ (ಸವೆಯುವ ಬ್ರಶ್ಶುಗಳ ಮೂಲಕ ಕರೆಂಟ್ ಪಡೆಯುವ ಸಾದಾ ಮೋಟಾರು), ಪ್ಲಾಸ್ಟಿಕ್ ಚಾಸಿಯ, ವೇಗಮಿತಿಯ ಸೌಲಭ್ಯವಿರುವ ಟ್ರಕ್ಕು. ಬ್ರಶ್‌ಲೆಸ್ ಮೋಟಾರು ಹೆಚ್ಚು ಬಾಳಿಕೆ ಬರುತ್ತದೆ ಎಂಬುದು ನಿಜವಾದರೂ ಅದರ ಬಲಕ್ಕೆ ಗೇರು, ಶಾಫ್ಟುಗಳು ಬೇಗ ಸೋಲುತ್ತವೆ, ಕಲಿಯುವವರಿಗೆ ಅದು ಬೇಡ. ನಾಲ್ಕು ಚಕ್ರ ಏಕೆಂದರೆ, ಮೈದಾನದ ಸಡಿಲು ಮಣ್ಣಿನಲ್ಲಿ ಹಿಂಚಕ್ರ ಮಾತ್ರ ಎಳೆಯುವ ಕಾರು ಕಲಿಯುವವನ ಕೈಯಲ್ಲಿ ಬುಗುರಿಯಂತೆ ತಿರುಗುತ್ತದೆ. ಇಂಥದೇ ಕಂಪನಿ ಎಂದು ನಾನು ಹೆಸರು ಹೇಳುವುದಿಲ್ಲ, ಏಕೆಂದರೆ ನಿಮಗೆ ಸಿಗುವ ಅಂಗಡಿಯಲ್ಲಿ ಯಾವುದರ ಬಿಡಿಭಾಗ ಇದೆಯೋ ಅದೇ ನಿಮಗೆ ಒಳ್ಳೆಯ ಕಂಪನಿ. ಹನ್ನೆರಡು ಸಾವಿರವನ್ನೂ ಕಾರಿಗೇ ಸುರಿಯಬೇಡಿ. ಮೂರರಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಇನ್ನೊಂದು ಬ್ಯಾಟರಿ, ಎರಡು ಜೊತೆ ಸಸ್ಪೆನ್ಷನ್ ಆರ್ಮ್, ಒಂದು ಸರ್ವೋ, ಒಂದು ಸೆಟ್ ಅಲೆನ್ ಕೀ ಮತ್ತು ಅಳತೆಗೆ ಸರಿಯಾದ ಎರಡು ಸ್ಕ್ರೂಡ್ರೈವರ್ ಕೊಳ್ಳಿ. ಒಂದು ಬ್ಯಾಟರಿಯಲ್ಲಿ ಹತ್ತು ಹದಿನೈದು ನಿಮಿಷ ಓಡುತ್ತದೆ ಅಷ್ಟೇ. ಎರಡಿದ್ದರೆ, ನಡುವೆ ಮೋಟಾರಿಗೆ ಕಾಲು ಗಂಟೆ ಬಿಡುವು ಕೊಟ್ಟು ಒಂದು ಸಂಜೆಯ ಆಟ ಸಾಕಷ್ಟಾಗುತ್ತದೆ. ಮೋಟಾರಿನ ಮೇಲೆ ಎರಡು ಸೆಕೆಂಡ್ ಬೆರಳಿಡಲಾಗದಷ್ಟು ಬಿಸಿಯಾಗಿದ್ದರೆ ಅವತ್ತಿಗೆ ಸಾಕು.

ಕಾರು ಬಂದ ಮೇಲೆ ಮೊದಲ ವಾರ ವೇಗಮಿತಿಯನ್ನು ತೀರ ಕೆಳಗಿಟ್ಟು, ಎರಡು ನೀರಿನ ಬಾಟಲಿಗಳನ್ನು ಹತ್ತು ಹೆಜ್ಜೆ ಅಂತರದಲ್ಲಿಟ್ಟು ಅವುಗಳ ಸುತ್ತ ಇಂಗ್ಲಿಷಿನ ಎಂಟರ ಆಕಾರದಲ್ಲಿ ಓಡಿಸಲು ಹೇಳಿ. ಕಾರು ನಮ್ಮತ್ತ ಬರುವಾಗ ಎಡಬಲ ಅದಲುಬದಲಾಗಿ ಕಾಣುವುದನ್ನು ಕೈ ಕಲಿತುಕೊಳ್ಳಲು ಇದಕ್ಕಿಂತ ಸುಲಭದ ಅಭ್ಯಾಸವಿಲ್ಲ. ಹತ್ತು ಸುತ್ತು ಬಾಟಲಿಗೆ ತಾಗದೆ ಬಂದ ದಿನ ಮಿತಿಯನ್ನು ಸ್ವಲ್ಪ ಏರಿಸಿ. ಯಾವಾಗಲೂ ಮೊದಲು ರಿಮೋಟ್, ಆಮೇಲೆ ಕಾರನ್ನು ಆನ್ ಮಾಡಬೇಕು. ಆರಿಸುವಾಗ ಮೊದಲು ಕಾರು, ಆಮೇಲೆ ರಿಮೋಟ್. ಆದೇಶ ಕೊಡುವವರಿಲ್ಲದ ಕಾರು ಎತ್ತಲಾದರೂ ಓಡಿಬಿಡಬಹುದೆಂಬ ಕಾರಣಕ್ಕೆ ಈ ಕ್ರಮ. ರಿವರ್ಸ್ ಕೆಲಸ ಮಾಡುತ್ತಿಲ್ಲವೆಂದು ಮೊದಲ ದಿನವೇ ಅನೇಕರು ಅಂಗಡಿಗೆ ಫೋನ್ ಮಾಡುತ್ತಾರೆ. ಇಂಥ ಹಲವು ಕಾರುಗಳಲ್ಲಿ ಟ್ರಿಗರನ್ನು ಹಿಂದಕ್ಕೆ ಒತ್ತಿದರೆ ಮೊದಲು ಬ್ರೇಕ್ ಬೀಳುತ್ತದೆ, ಬಿಟ್ಟು ಮತ್ತೆ ಒತ್ತಿದಾಗ ರಿವರ್ಸ್ ಹೋಗುತ್ತದೆ. ಪ್ರತಿ ಸಲ ಓಡಿಸಿದ ಮೇಲೆ ಚಕ್ರದ ನಟ್ಟುಗಳನ್ನೂ ಸ್ಕ್ರೂಗಳನ್ನೂ ಬಿಗಿಮಾಡುವ ಕೆಲಸವನ್ನು ಮಗನಿಗೇ ವಹಿಸಿ. ಏನಾದರೂ ಮುರಿದರೆ ನೀವು ರಿಪೇರಿ ಮಾಡಿಸಿ ತಂದುಕೊಡಬೇಡಿ. ಚಿತ್ರ ನೋಡಿ ಸಂಖ್ಯೆ ಹುಡುಕುವುದು, ಬಿಚ್ಚುವುದು, ಜೋಡಿಸುವುದು ಅವನದೇ ಕೈಯಿಂದ ಆಗಲಿ, ತಡವಾದರೂ ಚಿಂತೆಯಿಲ್ಲ. ಬಿಚ್ಚುವ ಮೊದಲು ಬ್ಯಾಟರಿಯ ಕನೆಕ್ಟರನ್ನು ಕೀಳಬೇಕೆಂಬ ಒಂದು ನಿಯಮ ಮಾತ್ರ ಬಿಗಿಯಾಗಿರಲಿ.

ಬಿಚ್ಚುವ ಕೆಲಸ ನಡೆಯುವಾಗ ಸಣ್ಣ ಮಗಳು ಆ ಕೋಣೆಯಲ್ಲಿ ಇರದಂತೆ ನೋಡಿಕೊಳ್ಳಿ. ಕಾರಿನ ಮೇಲ್ಕವಚವನ್ನು ಹಿಡಿಯುವ ಪುಟ್ಟ ಕ್ಲಿಪ್ಪುಗಳು, ಮೂರು ಮಿಲಿಮೀಟರಿನ ಸ್ಕ್ರೂಗಳು ಮೂರು ವರ್ಷದವರ ಬಾಯಿಗೆ ಸುಲಭವಾಗಿ ಹೋಗುತ್ತವೆ. ಕ್ಲಿಪ್ಪುಗಳಿಗೆ ಬಣ್ಣದ ದಾರ ಕಟ್ಟಿ ಕವಚಕ್ಕೇ ಗಂಟು ಹಾಕಿದರೆ ಕಳೆಯುವುದೂ ಇಲ್ಲ. ಕಾರು ಓಡುವಾಗ ಅವಳು ನಿಮ್ಮ ತೊಡೆಯ ಮೇಲಿರಲಿ.

ಇನ್ನು ಆ ನಾಲ್ಕು ಹಳೆಯ ಕಾರುಗಳು. ಅವುಗಳಲ್ಲಿರುವ ಬ್ಯಾಟರಿಗಳನ್ನು ಮೊದಲು ನೀವೇ ಹೊರತೆಗೆಯಿರಿ, ತುದಿಗಳಿಗೆ ಟೇಪು ಸುತ್ತಿ, ಮನೆಯ ಕಸದಲ್ಲಿ ಸೇರಿಸದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಬೆರೆಸಬಾರದೆಂದೇ ಹೇಳುತ್ತವೆ. ಉಳಿದದ್ದನ್ನೆಲ್ಲ ಒಂದು ಡಬ್ಬಿಗೆ ಹಾಕಿ, ಹೊಸ ಸ್ಕ್ರೂಡ್ರೈವರಿನೊಂದಿಗೆ ಮಗನ ಮುಂದಿಡಿ. ಹೊಸ ಕಾರು ಬರುವುದಕ್ಕೆ ಒಂದು ವಾರ ಮೊದಲೇ ಇದನ್ನು ಮಾಡಿದರೆ ಒಳ್ಳೆಯದು. ಯಾವ ಗೇರಿನ ಹಲ್ಲು ಮುರಿದಿದೆ, ಯಾವ ತಂತಿ ಬಿಟ್ಟಿದೆ, ಬೋರ್ಡಿನ ಮೇಲೆ ಎಲ್ಲಿ ಸುಟ್ಟ ಕಲೆ ಇದೆ ಎಂದು ಅವನೇ ಹುಡುಕಿ ನಿಮಗೆ ತೋರಿಸಲಿ.